ಸ್ವಲ್ಪ ಬದಲಾಗಿದೆ

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ನನ್ನದು. ಆರು ತಿಂಗಳು ಅಲೆದ ಮೇಲೆ ಸಿಕ್ಕಿದ್ದು. ಆ ದಿನ ಬೆಳಿಗ್ಗೆಯೇ ಇಬ್ಬರು ಗಿರಾಕಿಗಳಿಗೆ, ನಿಮ್ಮ ನಂಬರ್ ಬದಲಾಗಿಲ್ಲ, ಹಳೇ ಕನ್ನಡಕವೇ ಸಾಕು ಎಂದು ಹೇಳಿ ಕಳಿಸಿದ್ದೆ. ಮಾಲೀಕರು ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

“ಸುಳ್ಳು ಹೇಳಿ ಅಂತ ನಾನು ಹೇಳ್ತಿಲ್ಲ ಮೇಡಂ. ‘ಸ್ವಲ್ಪ ಬದಲಾಗಿದೆ’ ಅನ್ನಿ, ಸಾಕು. ವಯಸ್ಸಾದ ಮೇಲೆ ಯಾರಿಗೆ ಸ್ವಲ್ಪ ಬದಲಾಗಲ್ಲ?”

“ಬದಲಾಗದೇ ಇದ್ದಾಗ ಹೇಗೆ ಸರ್ ಹೇಳೋದು?”

“ಇನ್ನೊಬ್ಬರನ್ನ ವಾಪಸ್ ಕಳಿಸಿದ್ರೆ ನೀವೂ ಅವರ ಜೊತೆಗೇ ಹೊರಡಿ.”

ಮುಂದೆ ಬಂದವರು ಹೋಟೆಲಿನಲ್ಲಿ ದೋಸೆ ಹುಯ್ಯುವವರು. ಎಲ್ಲ ಮಂಜುಮಂಜು ಎಂದರು. ಪರೀಕ್ಷಿಸಿದೆ, ನಂಬರ್ ಅದೇ ಇತ್ತು. ‘ಸ್ವಲ್ಪ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನನ್ನ ಮೇಲೇ ಸಿಟ್ಟು ಬಂದು, ಅವರ ಕನ್ನಡಕವನ್ನು ತೆಗೆದುಕೊಂಡು ಹೋಗಿ ಸೋಪು ಹಾಕಿ ತೊಳೆದು ಕೊಟ್ಟೆ.

“ಅಯ್ಯೋ ತಾಯಿ, ಇಷ್ಟು ಎಣ್ಣೆ ಇತ್ತಾ? ಇನ್ನೆರಡು ದೋಸೆ ಹುಯ್ಯಬಹುದಿತ್ತು!” ಎಂದು ನಗುತ್ತಾ ಹೋದರು.

ಮಾಲೀಕರು ನಗಲಿಲ್ಲ. “ನಾಳೆಯಿಂದ ಬರಬೇಡಿ ಮೇಡಂ.”

ಓದಿದ್ದನ್ನು ನೆಟ್ಟಗೆ ಮಾಡಿದ್ದಕ್ಕೆ ಈ ಶಿಕ್ಷೆಯೇ ಎಂದು ಹಲ್ಲು ಕಚ್ಚಿಕೊಂಡು, ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದೆ. ಅವರು ಹಿಂದಿನಿಂದ ಕರೆದರು.

“ಮೇಡಂ, ನಾಳಿದ್ದಿಂದ ಬರಬೇಡಿ. ನಾಳೆ ಊರಿಂದ ನಮ್ಮಮ್ಮ ಬರ್ತಿದಾರೆ, ಅವರ ಕಣ್ಣು ನೀವೇ ನೋಡ್ಬೇಕು.”