ಎಂಬತ್ತರ ಪಥದಲ್ಲಿ ಗಡಿಗೆಗಳು

ಬೆಳಿಗ್ಗೆ ಏಳೂ ಹತ್ತಕ್ಕೆ ಕುಂಬಾರ ಫಕೀರವ್ವನ ಗಡಿಗೆ ಗಾಡಿ ಹೆದ್ದಾರಿಯ ಅತಿ ನಿಧಾನದ ಪಥ ಸೇರಿತು. ಅಲ್ಲೂ ಕನಿಷ್ಠ ವೇಗ ಎಂಬತ್ತು. ಅದಕ್ಕಿಂತ ಇಳಿದ ಗಾಡಿಯನ್ನು ರಸ್ತೆಯೇ ಎತ್ತಿ ಪಕ್ಕಕ್ಕಿಡುತ್ತಿತ್ತು. ಮತ್ತೆ ಒಂದು ವರ್ಷ ಒಳಗೆ ಬಿಡುತ್ತಿರಲಿಲ್ಲ. ಬೇರೆ ದಾರಿಯಿರಲಿಲ್ಲ. ಆ ವೇಗದ ಕುಲುಕಾಟಕ್ಕೆ ಗಡಿಗೆ ಒಡೆದು, ಸಂತೆಗೆ ಬರೀ ಚೂರುಗಳನ್ನೇ ಒಯ್ದು ಬೇಸತ್ತ ಉಳಿದ ಕುಂಬಾರರೆಲ್ಲ ಹುಬ್ಬಳ್ಳಿ ಸಂತೆ ಬಿಟ್ಟಿದ್ದರು.

ಸೇತುವೆಯ ಉಬ್ಬು ಕಂಡು, ಗಾಡಿ ಓಡಿಸುತ್ತಿದ್ದ ಸೊಸೆ ಅಳುಕಿದಳು. “ಅತ್ತಿ, ಸ್ವಲ್ಪ ನಿಧಾನ ಮಾಡ್ಲೇನ್ರಿ?”

“ರಸ್ತಿ ನಮ್ಮನ್ನ ಎತ್ತಿ ಒಗೀಲಿ ಅಂತೀಯೇನು? ಭತ್ತದ ಹುಲ್ಲು ಸುತ್ತಿದಾಕಿ ನಾ ಅದೀನಿ. ನೀ ಓಡ್ಸು.”

ಗಾಡಿ ಎಂಬತ್ತೆರಡರಲ್ಲೇ ಉಬ್ಬು ಹಾರಿತು.

ಸಂತೆಯಲ್ಲಿ ಹುಲ್ಲು ಬಿಚ್ಚಿದಾಗ ನೂರಿಪ್ಪತ್ತು ಗಡಿಗೆಗಳೂ ಇಡಿಯಾಗಿದ್ದವು. ಫಕೀರವ್ವ ಒಂದೊಂದನ್ನೂ ಬೆರಳಿನಿಂದ ಬಾರಿಸಿ, ಅದರ ನಾದ ಸಂತೆಗೆಲ್ಲ ಕೇಳಿಸಿದಳು.

ಮರುವಾರ ಮೊಟ್ಟೆ ಲಾರಿಯವರು ಹುಲ್ಲು ಸುತ್ತಿಸಲು ಅವಳ ಮನೆ ಹುಡುಕಿಕೊಂಡು ಬಂದರು.