ಎಂಜಿನ್ನಿನ ಸದ್ದು

“ಅಪ್ಪ, ನಾನು ಕೆಲಸಕ್ಕೆ ಬರೋದಿಲ್ಲ ಅಂತ ಆಫೀಸಿಗೆ ಹೋಗಿ ಯಾಕೆ ಹೇಳಿದ್ರಿ?” ಸರ್ವಮಂಗಳಾ ಮತ್ತೆ ಕೇಳಿದಳು. ರಾಜಾಜಿನಗರದ ಮನೆಯ ಮುಂದಿನ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಚನ್ನಮಲ್ಲಪ್ಪ ತಲೆ ಎತ್ತಲಿಲ್ಲ. ಹುಲ್ಲು ಕತ್ತರಿಸುವ ಹಳೆಯ ಯಂತ್ರದ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಮಸಿಯನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. “ಕಾರ್ಬನ್ ಕಟ್ಟಿದೆ. ಕಿಡಿನೇ ಬರ್ತಿಲ್ಲ,” ಎಂದರು, ಅವಳು ಕೇಳಿದ್ದು ಅದನ್ನೇ ಎನ್ನುವಂತೆ.

ಅವಳ ಮೈ ಉರಿಯಿತು. “ಆ ಟೈಪಿಸ್ಟ್ ಕೆಲಸ ನಾನು ಪರೀಕ್ಷೆ ಪಾಸು ಮಾಡಿ ತಗೊಂಡಿದ್ದು. ಬೇಡ ಅನ್ನೋಕೆ ನೀವು ಯಾರು?” ಮನೆಯಲ್ಲಿ ಯಾರೂ ಅವರಿಗೆ ಹಾಗೆ ಅಂದಿರಲಿಲ್ಲ. ಚನ್ನಮಲ್ಲಪ್ಪನವರ ಕಿವಿ ಕೆಂಪಾಯಿತು. ಪ್ಲಗ್ ಬಿಗಿದು, ಎದ್ದು ನಿಂತು, ಸಿಟ್ಟನ್ನೆಲ್ಲ ಸೇರಿಸಿ ಯಂತ್ರದ ಸ್ಟಾರ್ಟರ್ ಹಗ್ಗ ಜಗ್ಗಿದರು. ಎಂಜಿನ್ ಕೆಮ್ಮಿ, ಹೊಗೆ ಕಾರಿ, ಸ್ಟಾರ್ಟ್ ಆಯಿತು. ಅವಳ ಬಾಯಿ ಆಡುತ್ತಲೇ ಇತ್ತು, ಮಾತು ಮಾತ್ರ ಕೇಳಿಸಲಿಲ್ಲ. ಅವರು ನಿರಾಳವಾಗಿ ಹಿಡಿಕೆಗೆ ಕೈ ಹಾಕಿದರು.

ಸರ್ವಮಂಗಳಾ ಬಗ್ಗಿ ಸ್ವಿಚ್ಚು ಒತ್ತಿದಳು. ಸದ್ದು ಅಡಗಿತು.

“ಮುಟ್ಟಬೇಡ ಅದನ್ನ!” ಅವರು ಗುಡುಗಿ ಮತ್ತೆ ಹಗ್ಗ ಹಿಡಿದರು.

“ಎಳೀರಿ. ಎಷ್ಟು ಸಲ ಎಳೆದ್ರೂ ನಿಲ್ಲಿಸ್ತೀನಿ,” ಎಂದಳು. “ಬೆಳಿಗ್ಗೆ ನಾನೇ ಆಫೀಸಿಗೆ ಹೋಗಿ, ಬರ್ತೀನಿ ಅಂತ ಹೇಳಿ ಬಂದಿದೀನಿ. ಸೋಮವಾರದಿಂದ ಕೆಲಸ. ನಿಮ್ಮ ಅಪ್ಪಣೆ ಕೇಳ್ತಿಲ್ಲ ನಾನು. ಯಾಕೆ ಹಾಗೆ ಮಾಡಿದ್ರಿ ಅಂತ ಕೇಳ್ತಿದೀನಿ.”

ಚನ್ನಮಲ್ಲಪ್ಪ ಅವಳನ್ನೇ ನೋಡಿದರು. ಹಗ್ಗ ಹಿಡಿದಿದ್ದ ಕೈ ತಾನಾಗಿ ಸಡಿಲವಾಯಿತು.