ಎಡಕ್ಕೆ ಕೆಂಪು, ಬಲಕ್ಕೆ ಕಪ್ಪು

"ಏಯ್ ಪೇಂಟರ್, ಹೊರಗೆ ಹೋಗಿ ಇನ್ನೊಂದು ಕೆಂಪು ಚುಕ್ಕೆ ಇಟ್ಟು ಬಾ," ಎಂದು ಕ್ಯಾಪ್ಟನ್ ಮೀಸೆ ತೀಡಿಕೊಂಡರು. ಅಂತರಿಕ್ಷದ ಯುದ್ಧದಲ್ಲಿ ಇದೊಂದು ಪದ್ಧತಿ. ಶತ್ರುವಿನ ಹಡಗನ್ನು ಒಡೆದರೆ ನೌಕೆಯ ಹೊರಗೋಡೆಯಲ್ಲಿ ಬಾಗಿಲಿನ ಎಡಕ್ಕೆ ಕೆಂಪು ಚುಕ್ಕೆ. ನಮ್ಮದೊಂದು ಹೋದರೆ ಬಲಕ್ಕೆ ಕಪ್ಪು. ಪಕ್ಕದ ನೌಕೆಯ ಮೇಲೆ ಕೆಂಪು ಹೆಚ್ಚಿದ್ದವು. ಆ ಹೊಟ್ಟೆಕಿಚ್ಚಿಗೆ ಕ್ಯಾಪ್ಟನ್ನರಿಗೆ ಊಟವೇ ಸೇರುತ್ತಿರಲಿಲ್ಲ.

"ಯಾರ ಹಡಗು ಅಂತ ಒಂದ್ಸಲ ಕೇಳ್ಲಾ ಸಾರ್?" ಎಂದು ಹೊಡೆಯುವ ಮೊದಲು ಫಿರಂಗಿಯವನು ಅಂಗಲಾಚಿದ್ದು ಪೇಂಟರ್‌ಗೂ ಕೇಳಿಸಿತ್ತು. "ಕೇಳ್ತಾ ಕೂತ್ರೆ ಪಕ್ಕದವನು ಹೊಡ್ಕೊಂಡು ಹೋಗ್ತಾನೆ. ಒತ್ತೋ ಗುಂಡಿ!" ಎಂದಿದ್ದರು ಮಹಾಶೂರ ಕ್ಯಾಪ್ಟನ್.

ಪೇಂಟರ್ ಉಡುಪು ತೊಟ್ಟು, ಡಬ್ಬಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು, ಹಗ್ಗದ ಆಸರೆಯಲ್ಲಿ ಹೊರಬಿದ್ದ. ಸುತ್ತಲೂ ಮಂಜುಗಡ್ಡೆಯ ಚೂರುಗಳು ತೇಲುತ್ತಿದ್ದವು. ಇಷ್ಟು ನೀರು ಹೊತ್ತುಕೊಂಡು ಯುದ್ಧಕ್ಕೆ ಬರುವ ಶತ್ರು ಯಾವನಪ್ಪ ಎಂದುಕೊಳ್ಳುವಷ್ಟರಲ್ಲಿ ಒಂದು ತಗಡು ಬಂದು ಮೊಣಕೈಗೆ ತಾಗಿತು. ಅದರ ಮೇಲೆ ಹಳದಿ ಪಟ್ಟಿ. ಪಟ್ಟಿಯ ಮೇಲೆ ನಾಲ್ಕು ಬೆರಳಿನ ಗುರುತು.

ಆ ಪಟ್ಟಿ ಬಳಿದವನು ಅವನೇ. ಅದು ತಮ್ಮದೇ ಪಡೆಗೆ ನೀರು ತರುವ ಹಡಗು. ಅದರಲ್ಲಿ ಕೆಲಸಕ್ಕಿದ್ದವನು ಅವನ ಒಡಹುಟ್ಟಿದ ತಮ್ಮ. ರಿಪೇರಿ ಶೆಡ್ಡಿನಲ್ಲಿ ಹಸಿ ಬಣ್ಣಕ್ಕೆ ಕೈಯಿಟ್ಟವನನ್ನು, "ಕತ್ತೆ, ಒಣಗೋವರೆಗೂ ಸುಮ್ನಿರೋಕಾಗಲ್ವಾ?" ಎಂದು ಬೈದಿದ್ದ. "ಇರ್ಲಿ ಬಿಡಣ್ಣ, ನಂದೂ ಒಂದು ಗುರುತು ಇರ್ಲಿ," ಎಂದು ತಮ್ಮ ಹಲ್ಲು ಕಿರಿದಿದ್ದ. ಪೇಂಟರ್ ಆ ಗುರುತಿನ ಮೇಲೆ ಬೆರಳಿಟ್ಟುಕೊಂಡು ಅತ್ತ. ಹೆಲ್ಮೆಟ್ಟಿನೊಳಗೆ ಕಣ್ಣೊರೆಸಿಕೊಳ್ಳುವುದಕ್ಕೂ ದಾರಿಯಿರಲಿಲ್ಲ.

"ಸಾರ್, ನಾವು ಹೊಡೆದಿದ್ದು ನಮ್ಮ ನೀರಿನ ಹಡಗು. ನನ್ನ ತಮ್ಮ ಇದ್ದ ಅದ್ರಲ್ಲಿ," ಎಂದ ಮೈಕಿನಲ್ಲಿ.

ಆ ಕಡೆ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡರು. "ಅಯ್ಯೋ ಪಾಪ! ನಮ್ಮ ನೀರಿನ ಹಡಗನ್ನ ಶತ್ರು ಹೊಡೆದ. ಆ ಶತ್ರುವನ್ನ ನಾವು ಹೊಡೆದ್ವಿ. ನಿನ್ನ ತಮ್ಮನ ಸೇಡು ತೀರಿಸಿದ್ದೀನಿ ಕಣಯ್ಯಾ, ಸಂತೋಷಪಡು! ಎಡಕ್ಕೊಂದು ಕೆಂಪು, ಬಲಕ್ಕೊಂದು ಕಪ್ಪು ಇಟ್ಟು ಬಾ. ಪದಕ ಕೊಡೋ ಸಾಹೇಬ್ರು ಬರ್ತಿದ್ದಾರೆ. ಬಾಯಿ ಬಿಟ್ಯೋ, ಮುಂದಿನ ಸಲ ಹಗ್ಗ ಇಲ್ದೆ ಕಳಿಸ್ತೀನಿ."

ಸಾಹೇಬರು ಬಂದರು. ಕ್ಯಾಪ್ಟನ್ ಎದೆಯುಬ್ಬಿಸಿ ಹೊರಗೋಡೆಯನ್ನು ಪರದೆಯ ಮೇಲೆ ತೋರಿಸಿದರು. ಎಡಗಡೆ ಹೊಸ ಕೆಂಪು ಚುಕ್ಕೆಯಿತ್ತು. ಅದರ ನಟ್ಟನಡುವೆ, ಇನ್ನೂ ಹಸಿಯಾಗಿ, ಕಪ್ಪು ಚುಕ್ಕೆ. ಬಲಗಡೆ ಹೊಸದೇನೂ ಇರಲಿಲ್ಲ.

"ಇದೇನಯ್ಯಾ, ಗೋಡೆ ಇಷ್ಟಗಲ ಇದೆ, ಒಂದರೊಳಗೊಂದು ಇಟ್ಟಿದ್ದೀಯ?" ಎಂದು ಸಾಹೇಬರು ಪಕ್ಕದಲ್ಲಿ ನಿಂತಿದ್ದ ಪೇಂಟರ್‌ನನ್ನು ಕೇಳಿದರು.

ಕ್ಯಾಪ್ಟನ್ ಹಲ್ಲು ಕಡಿದರು. ಪೇಂಟರ್ ಅವರ ಕಡೆ ನೋಡಲೂ ಇಲ್ಲ. ಕೈಗವಸಿಗೆ ಅಂಟಿದ ಬಣ್ಣ ಒರೆಸಿಕೊಳ್ಳುತ್ತ ಹೇಳಿದ:

"ಹಡಗು ಒಂದೇ ಇತ್ತಲ್ಲ ಸಾರ್."